ಡಿಪಿಎಫ್ ದೀಪ ಹತ್ತಿದಾಗ: ಡೀಸೆಲ್ ಕಾರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮೆಕ್ಯಾನಿಕ್ ಅಲ್ಲ. 2021ರಿಂದ ಬೆಂಗಳೂರಿನಲ್ಲಿ ಬಿಎಸ್6 (ಗಾಡಿಯ ಹೊಗೆಗೆ ಸರ್ಕಾರ ಇಟ್ಟಿರುವ ಮಿತಿ) ಡೀಸೆಲ್ ಕಾರು ಓಡಿಸುತ್ತಿರುವವನು, ಅಷ್ಟೇ. ಡಿಪಿಎಫ್ ಅಂದರೆ ಡೀಸೆಲ್ ಹೊಗೆಯ ಮಸಿಯನ್ನು ಹಿಡಿದಿಡುವ ಫಿಲ್ಟರ್. ಅದರ ದೀಪದಿಂದ ಎರಡು ಸಲ ಪೆಟ್ಟು ತಿಂದಿದ್ದೇನೆ. ಒಂದು ಸಲ ತಪ್ಪು ನನ್ನದೇ, ಇನ್ನೊಂದು ಸಲ ಅಲ್ಲ. ಆಮೇಲಿಂದ ಅಪಾರ್ಟ್‌ಮೆಂಟಿನಲ್ಲಾಗಲಿ ನೆಂಟರ ಮನೆಯಲ್ಲಾಗಲಿ ಯಾರ ಕಾರಿಗೆ ದೀಪ ಹತ್ತಿದರೂ ಫೋನು ನನಗೇ ಬರುತ್ತದೆ. ಅವರು ಕೇಳುವುದನ್ನೂ ನಾನು ಹೇಳುವುದನ್ನೂ ಇಲ್ಲಿ ಬರೆದಿಟ್ಟಿದ್ದೇನೆ.

ದೀಪ ಈಗಷ್ಟೇ ಹತ್ತಿದೆ. ಮೊದಲು ಏನು ಮಾಡಲಿ?

ಗಾಬರಿ ಬೇಡ. ಎಂಜಿನ್ ಆಫ್ ಮಾಡುವುದೂ ಬೇಡ. ಡ್ಯಾಶ್‌ಬೋರ್ಡ್ ಒಮ್ಮೆ ಸರಿಯಾಗಿ ನೋಡಿ. ಪೈಪಿನೊಳಗೆ ಚುಕ್ಕೆಗಳಿರುವಂಥ ಹಳದಿ ಚಿತ್ರ ಒಂದೇ ಹತ್ತಿದೆಯಾ? ಮಿನುಗದೆ ಸ್ಥಿರವಾಗಿದೆಯಾ? ಪಿಕಪ್ ಎಂದಿನಂತೆ ಇದೆಯಾ? ಹಾಗಿದ್ದರೆ ಕಾರು ನಿಮ್ಮನ್ನು ಕೇಳುತ್ತಿರುವುದು ಇಷ್ಟೇ: "ನನ್ನನ್ನು ಸ್ವಲ್ಪ ಹೊತ್ತು ನಿಲ್ಲಿಸದೆ ಓಡಿಸು."

ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಡೀಸೆಲ್ ಇದೆಯಾ ನೋಡಿಕೊಳ್ಳಿ. ಕಡಿಮೆ ಇದ್ದರೆ ಎಷ್ಟೋ ಕಾರುಗಳು ಸ್ವಚ್ಛ ಮಾಡುವ ಕೆಲಸವನ್ನು ಶುರುವೇ ಮಾಡುವುದಿಲ್ಲ. ಆಮೇಲೆ ಸಿಗ್ನಲ್ ಕಡಿಮೆ ಇರುವ ರಸ್ತೆ ಹಿಡಿಯಿರಿ. 60ರಿಂದ 80 ಕಿ.ಮೀ. ವೇಗದಲ್ಲಿ 20-25 ನಿಮಿಷ ಓಡಿಸಿ. ಒಂದು ಗೇರ್ ಕೆಳಗಿಟ್ಟು ಆರ್‌ಪಿಎಂ 2000ಕ್ಕಿಂತ ಮೇಲಿರುವಂತೆ ನೋಡಿಕೊಳ್ಳಿ. ದೀಪ ಆರಿದ ತಕ್ಷಣ ನಿಲ್ಲಿಸಬೇಡಿ, ಇನ್ನೂ ಐದು ನಿಮಿಷ ಓಡಿಸಿ. ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿ ಬೇರೆ ವೇಗ ಕೊಟ್ಟಿದ್ದರೆ ಅದನ್ನೇ ನಂಬಿ.

ದೀಪ ಮಿನುಗುತ್ತಿದ್ದರೆ, ಜೊತೆಗೆ ಚೆಕ್ ಎಂಜಿನ್ ದೀಪವೂ ಹತ್ತಿದ್ದರೆ, ಅಥವಾ ಕಾರು ಎಳೆಯುತ್ತಲೇ ಇಲ್ಲವಾದರೆ ಈ ಉಪಾಯದ ಕಾಲ ಮುಗಿದಿದೆ. ಆಗ ಹೈವೇಯಲ್ಲಿ ಜೋರಾಗಿ ಓಡಿಸಿ ಸರಿ ಮಾಡುತ್ತೇನೆ ಅಂತ ಹೊರಡಬೇಡಿ. ನಿಧಾನಕ್ಕೆ ಗ್ಯಾರೇಜಿಗೆ ಹೋಗಿ.

ನನ್ನ ಹಳೆಯ ಡೀಸೆಲ್ ಕಾರಿನಲ್ಲಿ ಈ ತಲೆನೋವೇ ಇರಲಿಲ್ಲವಲ್ಲ?

ಇರಲಿಲ್ಲ, ನಿಜ. ಅದರ ಹೊಗೆಯನ್ನು ಹಿಂದೆ ಬರುತ್ತಿದ್ದ ಸ್ಕೂಟರಿನವರು ಕುಡಿಯುತ್ತಿದ್ದರು, ಅಷ್ಟೇ ವ್ಯತ್ಯಾಸ.

2020ರ ಏಪ್ರಿಲ್ 1ರಿಂದ ದೇಶಾದ್ಯಂತ ಬಿಎಸ್6 ಜಾರಿಗೆ ಬಂತು. ಬಿಎಸ್5 ಅನ್ನುವ ಮೆಟ್ಟಿಲನ್ನೇ ಹಾರಿ, 4ರಿಂದ ಸೀದಾ 6ಕ್ಕೆ ಹೋದೆವು. ಬಿಎಸ್4 ಡೀಸೆಲ್ ಕಾರು ಒಂದು ಕಿಲೋಮೀಟರಿಗೆ 25 ಮಿಲಿಗ್ರಾಂ ಕಣಗಳನ್ನು ಉಗುಳಬಹುದಿತ್ತು. ಬಿಎಸ್6ರಲ್ಲಿ ಆ ಮಿತಿ 4.5 ಮಿಲಿಗ್ರಾಂಗೆ ಇಳಿಯಿತು. ಅದರ ಮೇಲೆ ಕಣಗಳ ಸಂಖ್ಯೆಗೂ ಮಿತಿ ಬಂತು. ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಫಿಲ್ಟರ್ ಇಲ್ಲದೆ ಈ ಮಿತಿಯೊಳಗೆ ಬರುವುದು ಕಷ್ಟ. ಜೊತೆಗೆ ಡೀಸೆಲ್‌ನಲ್ಲಿರುವ ಗಂಧಕವೂ 50 ಪಿಪಿಎಂನಿಂದ 10ಕ್ಕೆ ಇಳಿಯಿತು. ಗಂಧಕ ಜಾಸ್ತಿ ಇದ್ದರೆ ಈ ಸಾಮಾನುಗಳು ಬೇಗ ಕೆಡುತ್ತವೆ.

ಯುರೋಪಿಗೆ ಇದು ಹಳೆಯ ಕಥೆ. ಪ್ಯೂಜೊ 2000ನೇ ಇಸವಿಯಲ್ಲೇ ತನ್ನ 607 ಕಾರಿನಲ್ಲಿ ಈ ಫಿಲ್ಟರ್ ಕೊಟ್ಟಿತ್ತು. ಅಲ್ಲಿಯವರು ಇಪ್ಪತ್ತು ವರ್ಷ ಮೊದಲೇ ಬೈದುಕೊಂಡು ಮುಗಿಸಿದ್ದನ್ನು ನಾವು ಈಗ ಬೈದುಕೊಳ್ಳುತ್ತಿದ್ದೇವೆ.

ಫಿಲ್ಟರ್ ಕಟ್ಟಿಕೊಂಡಿದೆ ಅಂದರೆ ಒಳಗೆ ನಿಜವಾಗಿ ಏನಾಗಿರುತ್ತದೆ?

ಇದೊಂದು ಅರ್ಥವಾದರೆ ಮುಂದಿನದೆಲ್ಲ ಸುಲಭ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಡಿಪಿಎಫ್ ಒಂದು ಸೆರಾಮಿಕ್ ಗಟ್ಟಿ. ಜೇನುಗೂಡಿನ ಹಾಗೆ ಉದ್ದಕ್ಕೂ ಸಣ್ಣ ಸಣ್ಣ ಕೊಳವೆಗಳು. ಆದರೆ ಒಂದು ಕೊಳವೆಯ ಬಾಯಿ ಮುಂದೆ ಮುಚ್ಚಿದ್ದರೆ ಅದರ ಪಕ್ಕದ್ದರ ಬಾಯಿ ಹಿಂದೆ ಮುಚ್ಚಿರುತ್ತದೆ. ಹೊಗೆ ನೇರವಾಗಿ ಹೋಗಲು ದಾರಿಯೇ ಇಲ್ಲ. ಪಕ್ಕದ ಗೋಡೆಯ ಸೂಕ್ಷ್ಮ ರಂಧ್ರಗಳಲ್ಲಿ ತೂರಿಕೊಂಡೇ ಆಚೆ ಹೋಗಬೇಕು. ಗಾಳಿ ತೂರುತ್ತದೆ, ಮಸಿ ಉಳಿಯುತ್ತದೆ.

ಈಗ ನಮ್ಮ ಬಚ್ಚಲು ಮನೆಯ ಹಂಡೆ ಒಲೆ ನೆನಪಿಸಿಕೊಳ್ಳಿ. ಒಲೆಯಲ್ಲಿ ಎರಡು ಥರದ ಕೊಳೆ ಸೇರುತ್ತದೆ. ಒಂದು ಮಸಿ: ಅರ್ಧ ಸುಟ್ಟದ್ದು, ಉರಿ ಜೋರಾದರೆ ಅದೂ ಸುಟ್ಟು ಹೋಗುತ್ತದೆ. ಇನ್ನೊಂದು ಬೂದಿ: ಪೂರ್ತಿ ಸುಟ್ಟು ಉಳಿದದ್ದು. ಎಷ್ಟು ಊದಿದರೂ ಬೂದಿ ಇನ್ನು ಸುಡುವುದಿಲ್ಲ, ಕೆಬರಿ ತೆಗೆಯಲೇಬೇಕು.

ಡಿಪಿಎಫ್ ಒಳಗೂ ಹೀಗೇ. ಡೀಸೆಲ್‌ನಿಂದ ಬರುವುದು ಮಸಿ. ಅದು ಕೆಲವು ನೂರು ಕಿಲೋಮೀಟರಿಗೊಮ್ಮೆ ತುಂಬುತ್ತದೆ, ಸುಟ್ಟು ಖಾಲಿಯಾಗುತ್ತದೆ. ಬೂದಿ ಬರುವುದು ಮುಖ್ಯವಾಗಿ ಎಂಜಿನ್ ಆಯಿಲ್‌ನಿಂದ. ಆಯಿಲ್‌ಗೆ ಸೇರಿಸಿದ ಕ್ಯಾಲ್ಸಿಯಂ, ಸತು ಮೊದಲಾದ ಲೋಹಗಳ ಅಂಶಗಳು ಸಿಲಿಂಡರಿನಲ್ಲಿ ಚೂರುಚೂರೇ ಸುಟ್ಟು ಬೂದಿಯಾಗಿ ಫಿಲ್ಟರಿನಲ್ಲಿ ಕೂರುತ್ತವೆ. ಅದು ತುಂಬಲು ವರ್ಷಗಳು ಬೇಕು, ಲಕ್ಷದ ಲೆಕ್ಕದ ಕಿಲೋಮೀಟರ್ ಬೇಕು.

ಹಾಗಾಗಿ 30 ಸಾವಿರ ಓಡಿದ ಕಾರಿಗೆ "ಫಿಲ್ಟರ್ ಮುಗೀತು ಸಾರ್, ಹೊಸದು ಹಾಕಬೇಕು" ಅಂದರೆ ನೀವು ಕೇಳಬೇಕಾದ ಪ್ರಶ್ನೆ ಒಂದೇ: ತುಂಬಿರುವುದು ಮಸಿಯೋ ಬೂದಿಯೋ? ಮಸಿಯಾದರೆ, ಅದು ಯಾಕೆ ಸುಟ್ಟು ಹೋಗಲಿಲ್ಲ?

ರೀಜನರೇಷನ್ ಅಂತಾರಲ್ಲ, ಅದು ತಾನಾಗೇ ಆಗುವುದಾ?

ಫಿಲ್ಟರಿನ ಮಸಿಯನ್ನು ಸುಟ್ಟು ಖಾಲಿ ಮಾಡುವುದಕ್ಕೇ ರೀಜನರೇಷನ್ ಅನ್ನುವುದು. ಅದು ತಾನಾಗೇ ಆಗುತ್ತದೆ, ಎರಡು ಥರ. ಹೈವೇಯಲ್ಲಿ ಒಂದೇ ಸಮನೆ ಹೋಗುವಾಗ ಹೊಗೆಯ ಶಾಖ 250-400 ಡಿಗ್ರಿಯಷ್ಟಿರುತ್ತದೆ. ಹೊಗೆಯಲ್ಲೇ ಇರುವ ನೈಟ್ರೋಜನ್ ಡೈಆಕ್ಸೈಡ್ ಆ ಶಾಖದಲ್ಲಿ ಮಸಿಯನ್ನು ಮೆಲ್ಲಗೆ ತಿಂದು ಹಾಕುತ್ತದೆ. ನಿಮಗೆ ಗೊತ್ತೂ ಆಗುವುದಿಲ್ಲ.

ಸಿಟಿಯಲ್ಲಿ ಅಷ್ಟು ಶಾಖ ಬರುವುದಿಲ್ಲ. ಮಸಿ ಒಂದು ಮಟ್ಟ ಮುಟ್ಟಿದಾಗ ಕಾರಿನ ಕಂಪ್ಯೂಟರ್ ತಾನೇ ಉರಿ ಹಾಕುತ್ತದೆ. ಸಿಲಿಂಡರಿನಲ್ಲಿ ಉರಿ ಆದ ಮೇಲೆ ಇನ್ನೊಂದಿಷ್ಟು ಡೀಸೆಲ್ ಚಿಮ್ಮಿಸುತ್ತದೆ. ಆ ಡೀಸೆಲ್ ಫಿಲ್ಟರಿನ ಮುಂದಿರುವ ಕ್ಯಾಟಲಿಸ್ಟ್‌ನಲ್ಲಿ ಉರಿದು ಶಾಖವನ್ನು ಸುಮಾರು 600 ಡಿಗ್ರಿಗೆ ಏರಿಸುತ್ತದೆ. ಆ ಬಿಸಿಗೆ ಮಸಿ ಸುಟ್ಟು ಗಾಳಿಯಾಗಿ ಹೋಗುತ್ತದೆ. ಇಡೀ ಕೆಲಸಕ್ಕೆ ಹತ್ತರಿಂದ ಇಪ್ಪತ್ತೈದು ನಿಮಿಷ.

ಆ ಹೊತ್ತು ನೀವು ಕಾರಿನಲ್ಲೇ ಇರಬೇಕು, ಎಂಜಿನ್ ಓಡುತ್ತಲೇ ಇರಬೇಕು. ತೊಂದರೆಯೆಲ್ಲ ಇಲ್ಲೇ ಶುರುವಾಗುವುದು.

ಈಗ ರೀಜನರೇಷನ್ ನಡೆಯುತ್ತಿದೆ ಅಂತ ಹೇಗೆ ತಿಳಿಯುವುದು?

ಕೆಲವು ಕಾರುಗಳು ಪರದೆಯ ಮೇಲೆ ಹೇಳುತ್ತವೆ. ಹೆಚ್ಚಿನವು ಬಾಯೇ ಬಿಡುವುದಿಲ್ಲ. ಆದರೆ ಸೂಚನೆಗಳಿವೆ. ನ್ಯೂಟ್ರಲ್‌ನಲ್ಲಿ ನಿಂತಾಗ 800ರ ಆಸುಪಾಸಿನಲ್ಲಿರುವ ಆರ್‌ಪಿಎಂ 1000ದ ಹತ್ತಿರ ಏರಿರುತ್ತದೆ. ಆಟೋ ಸ್ಟಾರ್ಟ್-ಸ್ಟಾಪ್ ಇರುವ ಕಾರು ಸಿಗ್ನಲ್‌ನಲ್ಲಿ ಆಫ್ ಆಗುವುದಿಲ್ಲ. ಆ ಕ್ಷಣದ ಮೈಲೇಜ್ ಧಡಕ್ಕಂತ ಇಳಿಯುತ್ತದೆ. ಎಂಜಿನ್ ಸದ್ದು ಸ್ವಲ್ಪ ಒರಟಾಗುತ್ತದೆ. ಇಳಿದರೆ ಕಾದ ಕಬ್ಬಿಣದಂಥ ಬಿಸಿ ವಾಸನೆ. ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ಭರ್ರನೆ ಓಡುತ್ತಿರುತ್ತದೆ.

ನಮ್ಮ ಮನೆಯಲ್ಲಿ ಇದನ್ನು ಮೊದಲು ಗಮನಿಸಿದ್ದು ನನ್ನ ಹೆಂಡತಿ. "ರೀ, ಕಾರು ಆಫ್ ಮಾಡಿದ್ರೂ ಯಾಕೆ ಬುಸುಗುಡ್ತಿದೆ?" ಅಂದಳು. ನಾನು ಬಿಸಿಲು ಜಾಸ್ತಿ ಅಂದುಕೊಂಡು ಸುಮ್ನಾದೆ. ಅದು ಆರನೆಯದೋ ಏಳನೆಯದೋ ಸಲ ಅರ್ಧಕ್ಕೇ ನಿಂತ ರೀಜನರೇಷನ್ ಇರಬೇಕು.

ಅರ್ಧದಲ್ಲಿ ಆಫ್ ಮಾಡಿದರೆ ಏನಾಗುತ್ತದೆ?

ಒಂದು ಸಲ ಮಾಡಿದರೆ ಏನೂ ಆಗುವುದಿಲ್ಲ. ಮುಂದಿನ ಸಲ ಎಂಜಿನ್ ಬಿಸಿಯಾದಾಗ ಮತ್ತೆ ಶುರು ಮಾಡಿಕೊಳ್ಳುತ್ತದೆ. ಪ್ರತಿ ಸಲವೂ ಹೀಗೇ ಆದರೆ ಮಾತ್ರ ಕಷ್ಟ. ಒಲೆಗೆ ಬೆಂಕಿ ಹಚ್ಚಿ, ಉರಿ ಹತ್ತುವಷ್ಟರಲ್ಲಿ ನೀರು ಎರಚಿದ ಹಾಗೆ. ಡೀಸೆಲ್ ಖರ್ಚಾಯಿತು, ಮಸಿ ಹಾಗೇ ಉಳಿಯಿತು.

ನನ್ನ ಮೊದಲ ಪೆಟ್ಟು ಇದೇ. ಕಾರು ಕೊಂಡ ಮೇಲೂ ಮನೆಯಿಂದಲೇ ಆಫೀಸಿನ ಕೆಲಸ. ಕಾರು ಹೊರಗೆ ಹೋಗುತ್ತಿದ್ದದ್ದು ಎರಡು ಕಿಲೋಮೀಟರ್ ದೂರದ ಮಗಳ ಶಾಲೆಗೆ, ಬರುವಾಗ ತರಕಾರಿಗೆ. ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಮನೆ. ತಿಂಗಳಿಗೆ ಒಂದು ಟ್ಯಾಂಕೂ ಖರ್ಚಾಗುವುದಿಲ್ಲ ಅಂತ ಬೀಗುತ್ತಿದ್ದೆ. ಒಂದು ದಿನ ದೀಪ ಹತ್ತಿತು. ನಾನು ಅದನ್ನು ಮೂರು ವಾರ ನೋಡಿಯೂ ನೋಡದವನಂತೆ ಇದ್ದೆ. ಆಮೇಲೆ ಕಾರು 60ರ ಮೇಲೆ ಹೋಗಲೇ ಇಲ್ಲ.

ನನ್ನ ಓಡಾಟವೇ ಸಿಟಿಯೊಳಗೆ. ಹಾಗಾದರೆ ಎಲ್ಲಿ ಓಡಿಸಲಿ?

ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಅರ್ಧ ಗಂಟೆ ಖಾಲಿ ರಸ್ತೆ ಸಿಕ್ಕರೆ ಸಾಕು. ಬೆಂಗಳೂರಿನವರಿಗೆ ಭಾನುವಾರ ಬೆಳಿಗ್ಗೆ ಆರು ಗಂಟೆಯೇ ವರ. ನೈಸ್ ರಸ್ತೆ, ಹೆಬ್ಬಾಳ ದಾಟಿದ ಮೇಲೆ ಏರ್‌ಪೋರ್ಟ್ ರಸ್ತೆ, ನೆಲಮಂಗಲ ದಾಟಿದ ಮೇಲೆ ತುಮಕೂರು ಕಡೆ, ಹೊಸಕೋಟೆ ದಾಟಿದ ಮೇಲೆ ಕೋಲಾರದ ಕಡೆ, ಯಾವುದಾದರೂ ಆದೀತು. ಮೈಸೂರು ಎಕ್ಸ್‌ಪ್ರೆಸ್‌ವೇ ಇದಕ್ಕೆ ಹೇಳಿ ಮಾಡಿಸಿದಂತಿದೆ. ಆದರೆ ಕ್ಯಾಮೆರಾ ಇದೆ, 100 ದಾಟಬೇಡಿ. ಡಿಪಿಎಫ್‌ಗೆ 80 ಧಾರಾಳ ಸಾಕು. ತಿಂಡಿಗೆ ಅಂತ ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರುವ ನನ್ನ ಅಭ್ಯಾಸಕ್ಕೆ ಮನೆಯಲ್ಲಿ ಈಗ ಡಿಪಿಎಫ್ ಇಡ್ಲಿ ಅಂತಲೇ ಹೆಸರು.

ಮಂಗಳೂರಿನವರು ಸುರತ್ಕಲ್ ದಾಟಿ ಉಡುಪಿ ಕಡೆ ಹೋಗಬಹುದು. ಹುಬ್ಬಳ್ಳಿಯವರಿಗೆ ಹಾವೇರಿ ಕಡೆಯ ಹೆದ್ದಾರಿ ಇದೆ.

ಘಾಟಿಯ ಬಗ್ಗೆ ಒಂದು ಮಾತು. ಹತ್ತುವುದು ಒಳ್ಳೆಯದು, ಎಂಜಿನ್‌ಗೆ ಭಾರ ಬಿದ್ದು ಹೊಗೆ ಚೆನ್ನಾಗಿ ಕಾಯುತ್ತದೆ. ಇಳಿಯುವುದರಿಂದ ಲಾಭವಿಲ್ಲ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ, ಫಿಲ್ಟರ್ ತಣ್ಣಗಾಗುತ್ತದೆ. ಸಕಲೇಶಪುರದಿಂದ ಶಿರಾಡಿ ಇಳಿದು "ಇಷ್ಟು ದೂರ ಬಂದರೂ ದೀಪ ಆರಲಿಲ್ಲ" ಅನ್ನುವವರಿಗೆ ಉತ್ತರ ಇದೇ.

ಮನೆ ಮುಂದೆ ನಿಲ್ಲಿಸಿಕೊಂಡೇ ರೇಸ್ ಮಾಡಿದರೆ ಸಾಲದಾ?

ಸಾಲದು. ಭಾರವಿಲ್ಲದೆ ರೇಸ್ ಮಾಡಿದರೆ ಸದ್ದು ಬರುತ್ತದೆ, ಬೇಕಾದಷ್ಟು ಶಾಖ ಬರುವುದಿಲ್ಲ. ನೆರೆಯವರ ಬೈಗುಳ ಉಚಿತ. ಕೆಲವು ಕಾರುಗಳಲ್ಲಿ ನಿಂತಲ್ಲೇ ರೀಜನರೇಷನ್ ಮಾಡುವ ಬಟನ್ ಕೊಟ್ಟಿರುತ್ತಾರೆ. ಅದಿದ್ದರೆ ಮ್ಯಾನ್ಯುಯಲ್ ಓದಿಕೊಂಡು, ಬಯಲಿನಲ್ಲಿ ನಿಲ್ಲಿಸಿ ಒತ್ತಿ. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಖಂಡಿತ ಬೇಡ.

ನಾನು ವಾರಕ್ಕೆರಡು ಸಲ ಊರಿಗೆ ಹೋಗಿ ಬರುವವನು. ಆದರೂ ದೀಪ ಹತ್ತುತ್ತಿದೆ. ಯಾಕೆ?

ಈ ಪ್ರಶ್ನೆ ಕೇಳುವವರಿಗೆ ನಾನು ಹೇಳುವುದು: ಫಿಲ್ಟರನ್ನು ಬಿಡಿ, ಬೇರೆ ಕಡೆ ನೋಡಿ. ಹೈವೇ ಓಡಾಟ ಇದ್ದೂ ಮಸಿ ತುಂಬುತ್ತಿದೆ ಅಂದರೆ ಎರಡರಲ್ಲಿ ಒಂದು. ಎಂಜಿನ್ ಬೇಕಾದ್ದಕ್ಕಿಂತ ಜಾಸ್ತಿ ಮಸಿ ಮಾಡುತ್ತಿದೆ, ಇಲ್ಲವೇ ಅದನ್ನು ಸುಡಲು ಏನೋ ಅಡ್ಡ ಬರುತ್ತಿದೆ.

ಜಾಸ್ತಿ ಮಸಿ ಯಾವುದರಿಂದ? ಇಂಜೆಕ್ಟರ್ ಸೋರುತ್ತಿದ್ದರೆ ಡೀಸೆಲ್ ಸರಿಯಾಗಿ ಸುಡುವುದಿಲ್ಲ. ಹೊಗೆಯ ಒಂದು ಪಾಲನ್ನು ಎಂಜಿನ್‌ಗೆ ವಾಪಸ್ ಬಿಡುವ ಇಜಿಆರ್ ವಾಲ್ವ್ ತೆರೆದುಕೊಂಡೇ ಕಚ್ಚಿಕೊಂಡಿದ್ದರೆ ಹೊಗೆಯೇ ಮತ್ತೆ ಮತ್ತೆ ಒಳಗೆ ಹೋಗಿ ಗಾಳಿ ಕಡಿಮೆಯಾಗುತ್ತದೆ. ಎಂಜಿನ್‌ಗೆ ಗಾಳಿ ಒತ್ತಿ ಕಳಿಸುವ ಟರ್ಬೊದಿಂದ ಹೊರಡುವ ಪೈಪು ಒಡೆದಿದ್ದರೂ ಗಾಳಿ ಸೋರುತ್ತದೆ. ಟರ್ಬೊ ಸೀಲ್ ಹೋಗಿದ್ದರೆ ಆಯಿಲ್ ನೇರ ಹೊಗೆಗೆ ಸೇರಿ ಮಸಿಯ ಜೊತೆ ಬೂದಿಯನ್ನೂ ತರುತ್ತದೆ. ಬಂಕಿನಲ್ಲಿ ಕಲಬೆರಕೆ ಡೀಸೆಲ್ ಹಾಕಿದ್ದರೂ ಇದೇ ಪಾಡು.

ಇನ್ನು ಅಡ್ಡ ಬರುವುದು ಯಾವುದು? ಥರ್ಮೋಸ್ಟಾಟ್ ಕೆಟ್ಟು ಎಂಜಿನ್ ಸದಾ ತಣ್ಣಗಿದ್ದರೆ ಕಂಪ್ಯೂಟರ್ ರೀಜನರೇಷನ್‌ಗೆ ಒಪ್ಪುವುದಿಲ್ಲ. ಹೊಗೆಯ ಶಾಖ ಅಳೆಯುವ ಸೆನ್ಸರ್ ಸತ್ತಿದ್ದರೂ ಒಪ್ಪುವುದಿಲ್ಲ. ಬೇರೆ ಯಾವುದೋ ದೋಷದಿಂದ ಚೆಕ್ ಎಂಜಿನ್ ದೀಪ ಹತ್ತಿದ್ದರೂ ಅಷ್ಟೇ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲು ಬಿಸಿ ಕೊಡುವ ಗ್ಲೋ ಪ್ಲಗ್ ಹೋಗಿರುವ ಸಣ್ಣ ದೋಷವೂ ಕೆಲವು ಕಾರುಗಳಲ್ಲಿ ಸಾಕು.

ನನ್ನ ಎರಡನೆಯ ಪೆಟ್ಟಿನ ಕಥೆ ಇಲ್ಲಿಗೆ ಸೇರುತ್ತದೆ. ಬುದ್ಧಿ ಕಲಿತು ವಾರ ವಾರ ಹೈವೇಗೆ ಹೋಗುತ್ತಿದ್ದ ಕಾಲ ಅದು. ಆದರೂ 150 ಕಿಲೋಮೀಟರಿಗೊಮ್ಮೆ ದೀಪ. ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿ ನೋಡಿದರು. ಫಿಲ್ಟರ್ ಹೋಗಿದೆ, ಹೊಸದು ಹಾಕಬೇಕು ಅಂದರು. ಎಸ್ಟಿಮೇಟ್ ಲಕ್ಷ ದಾಟಿತ್ತು. ಡ್ರೈವಿಂಗ್ ಅಭ್ಯಾಸದಿಂದ ಆದದ್ದು, ವಾರಂಟಿ ಬರುವುದಿಲ್ಲ ಅಂತಲೂ ಹೇಳಿದರು. ಯೋಚಿಸಿ ಹೇಳುತ್ತೇನೆ ಅಂತ ಕಾರು ವಾಪಸ್ ತಂದೆ.

ಪೀಣ್ಯದ ಹತ್ತಿರ ಗ್ಯಾರೇಜ್ ಇಟ್ಟಿರುವ ಒಬ್ಬರು ಬಾನೆಟ್ ಎತ್ತಿ, ಸ್ಕ್ಯಾನರ್ ಕೈಗೆತ್ತಿಕೊಳ್ಳುವ ಮೊದಲೇ ಟಾರ್ಚ್ ಹಿಡಿದು ಬಗ್ಗಿದರು. ಫಿಲ್ಟರಿನ ಮುಂದೆ ಎಷ್ಟು ಒತ್ತಡ, ಹಿಂದೆ ಎಷ್ಟು ಅಂತ ಅಳೆಯುವ ಒಂದು ಸೆನ್ಸರ್ ಇರುತ್ತದೆ. ಅದಕ್ಕೆ ಎರಡು ಸಣ್ಣ ರಬ್ಬರ್ ಪೈಪು. ಒಂದು ಪೈಪು ಬಿಸಿಗೆ ಬಿರುಕು ಬಿಟ್ಟಿತ್ತು. ಸೆನ್ಸರ್ ಹೇಳುತ್ತಿದ್ದ ಲೆಕ್ಕವೇ ತಪ್ಪು. ಪೈಪು ಬದಲಾಯಿಸಿದರು, ಒಂದು ಸಲ ಫಿಲ್ಟರ್ ಸುಡಿಸಿದರು, ಕೂಲಿ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಆ ಕಾರು ಇವತ್ತಿಗೂ ಅದೇ ಫಿಲ್ಟರಿನಲ್ಲಿ ಓಡುತ್ತಿದೆ.

ಎಲ್ಲರಿಗೂ ಪೈಪೇ ಆಗಿರುತ್ತದೆ ಅಂತಲ್ಲ. ಆದರೆ ಪೈಪು ನೋಡಲು ಐದು ನಿಮಿಷ ಸಾಕು. ಅದನ್ನು ನೋಡದೆ ಲಕ್ಷದ ಮಾತಾಡುವವರನ್ನು ನಾನು ನಂಬುವುದಿಲ್ಲ.

ಡಿಪ್‌ಸ್ಟಿಕ್ ತೆಗೆದು ನೋಡಿದರೆ ಎಂಜಿನ್ ಆಯಿಲ್ ಜಾಸ್ತಿಯಾಗಿದೆ! ಆಯಿಲ್ ಹೇಗೆ ಹೆಚ್ಚುತ್ತದೆ?

ಹೆಚ್ಚಿರುವುದು ಆಯಿಲ್ ಅಲ್ಲ, ಡೀಸೆಲ್. ರೀಜನರೇಷನ್‌ಗೆ ಅಂತ ತಡವಾಗಿ ಚಿಮ್ಮಿಸಿದ ಡೀಸೆಲ್‌ನಲ್ಲಿ ಸ್ವಲ್ಪ ಭಾಗ ಸಿಲಿಂಡರ್ ಗೋಡೆಯಿಂದ ಜಾರಿ ಕೆಳಗಿನ ಆಯಿಲ್‌ಗೆ ಸೇರುತ್ತದೆ. ಅರ್ಧಕ್ಕೇ ನಿಂತ ರೀಜನರೇಷನ್‌ಗಳು ಜಾಸ್ತಿಯಾದಷ್ಟೂ ಇದು ಜಾಸ್ತಿ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಡೀಸೆಲ್ ಬೆರೆತ ಆಯಿಲ್ ನೀರಾಗುತ್ತದೆ, ಬೇರಿಂಗ್ ಸವೆಯುತ್ತದೆ. ಟರ್ಬೊಗೂ ಆ ನೀರಾದ ಆಯಿಲ್ಲೇ ಗತಿ. ಮಟ್ಟ ತೀರಾ ಮೇಲೇರಿದರೆ ಎಂಜಿನ್ ತನ್ನ ಆಯಿಲನ್ನೇ ಎಳೆದುಕೊಂಡು ಸುಡತೊಡಗಬಹುದು. ಆಗ ಕೀ ತಿರುಗಿಸಿದರೂ ನಿಲ್ಲುವುದಿಲ್ಲ. ಮ್ಯಾಕ್ಸ್ ಗೆರೆ ದಾಟಿದ್ದರೆ ಸರ್ವಿಸ್ ದಿನಾಂಕಕ್ಕೆ ಕಾಯದೆ ಆಯಿಲ್ ಬದಲಾಯಿಸಿ. ತಿಂಗಳಿಗೊಮ್ಮೆ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ನಮ್ಮ ಅಪ್ಪ ಅಂಬಾಸಿಡರ್ ಕಾಲದಲ್ಲಿ ದಿನಾ ನೋಡುತ್ತಿದ್ದರು. ನಾವು ಮರೆತಿದ್ದೇವೆ.

ಯಾವ ಆಯಿಲ್ ಹಾಕಿಸಬೇಕು?

ಬೂದಿ ಕಡಿಮೆ ಬಿಡುವ ಲೋ-ಸ್ಯಾಪ್ಸ್ ಅಥವಾ ಮಿಡ್-ಸ್ಯಾಪ್ಸ್ ಆಯಿಲ್. ಡಬ್ಬಿಯ ಹಿಂದೆ ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ದರ್ಜೆ, ಸಿ2, ಸಿ3 ಅಂತ ಏನಾದರೂ ಇರುತ್ತದೆ. ನಿಮ್ಮ ಮ್ಯಾನ್ಯುಯಲ್‌ನಲ್ಲಿ ಯಾವುದು ಬರೆದಿದೆಯೋ ಅದೇ ಬೇಕು. "ಎಲ್ಲಾ ಆಯಿಲ್ಲೂ ಒಂದೇ ಸಾರ್" ಅನ್ನುವ ಕಡೆ ಆಯಿಲ್ ಹಾಕಿಸಬೇಡಿ.

ಸ್ಕ್ಯಾನರ್‌ನಲ್ಲಿ ಬಂದ ಕೋಡ್ ನೋಡಿ ಏನಾದರೂ ತಿಳಿಯಬಹುದಾ?

ಸ್ವಲ್ಪ ತಿಳಿಯಬಹುದು. ಪಿ2463 ಅಂದರೆ ಮಸಿ ಜಾಸ್ತಿ ತುಂಬಿದೆ. ಪಿ2002 ಅಂದರೆ ಫಿಲ್ಟರ್ ತನ್ನ ಕೆಲಸ ಸರಿಯಾಗಿ ಮಾಡುತ್ತಿಲ್ಲ. ಅದು ಕಟ್ಟಿಕೊಂಡದ್ದಕ್ಕಿಂತ ಒಡೆದದ್ದರ ಅಥವಾ ಸೆನ್ಸರ್ ದೋಷದ ಸೂಚನೆ ಇರಬಹುದು. ಪಿ2452 ಒತ್ತಡದ ಸೆನ್ಸರಿನ ವಯರಿಂಗ್ ಕಡೆ ಬೆರಳು ತೋರಿಸುತ್ತದೆ.

ಕೋಡಿಗಿಂತ ಮುಖ್ಯವಾಗಿ ಮೂರು ಲೆಕ್ಕ ಕೇಳಿ ಬರೆದುಕೊಳ್ಳಿ: ಮಸಿ ಎಷ್ಟು ಗ್ರಾಂ ತೋರಿಸುತ್ತಿದೆ, ಐಡ್ಲಿಂಗ್‌ನಲ್ಲಿ ಒತ್ತಡದ ವ್ಯತ್ಯಾಸ ಎಷ್ಟು, ಕೊನೆಯ ಸಲ ಪೂರ್ತಿಯಾದ ರೀಜನರೇಷನ್ ಆಗಿ ಎಷ್ಟು ಕಿಲೋಮೀಟರ್ ಆಯಿತು. ಮೂರನ್ನೂ ಹೇಳಲು ಒದ್ದಾಡುವ ಗ್ಯಾರೇಜ್ ಆದರೆ ಮುಂದಿನ ಗ್ಯಾರೇಜ್ ನೋಡಿ. ಕೋಡ್ ಅಳಿಸಿ ಕಳಿಸುವುದು ರಿಪೇರಿ ಅಲ್ಲ. ದೀಪ ಎರಡು ದಿನದಲ್ಲಿ ವಾಪಸ್ ಬರುತ್ತದೆ.

ಫೋರ್ಸ್ ರೀಜನರೇಷನ್ ಮಾಡುತ್ತೇವೆ ಅಂತಾರೆ. ಮಾಡಿಸಬಹುದಾ?

ಮಾಡಿಸಬಹುದು, ಕಾರಣ ಹುಡುಕಿದ ಮೇಲೆ. ಸ್ಕ್ಯಾನರ್‌ನಿಂದ ಆಜ್ಞೆ ಕೊಟ್ಟು, ನಿಂತಲ್ಲೇ ಎಂಜಿನ್ ಏರಿಸಿ ಅರ್ಧ ಗಂಟೆ ಸುಡಿಸುತ್ತಾರೆ. ಮೊದಲು ಆಯಿಲ್ ಮಟ್ಟ ನೋಡಬೇಕು, ಮುಗಿದ ಮೇಲೆ ಆಯಿಲ್ ಬದಲಾಯಿಸುವುದು ಒಳ್ಳೆಯದು. ಮಸಿ ಮಿತಿ ಮೀರಿ ತುಂಬಿದ್ದರೆ ಮಾಡಬಾರದು. ಅಷ್ಟೂ ಒಟ್ಟಿಗೆ ಹೊತ್ತಿಕೊಂಡರೆ ಸೆರಾಮಿಕ್ ಬಿರಿಯುತ್ತದೆ ಅಥವಾ ಕರಗುತ್ತದೆ. ಎಷ್ಟೋ ಕಾರುಗಳ ಕಂಪ್ಯೂಟರ್ ಆಗ ತಾನೇ ಬೇಡ ಅನ್ನುತ್ತದೆ.

ಹಳ್ಳಿ ರಸ್ತೆಯಲ್ಲಿ ಓಡಾಡುವವರಿಗೆ ಒಂದು ಎಚ್ಚರಿಕೆ. ಸುಗ್ಗಿ ಕಾಲದಲ್ಲಿ ರಾಗಿ, ಹುರುಳಿ ಒಕ್ಕಣೆಗೆ ರಸ್ತೆಯ ಮೇಲೆ ಹರಡಿರುತ್ತಾರಲ್ವಾ? ಆ ಹುಲ್ಲು ಕಾರಿನ ಅಡಿಗೆ ಸುತ್ತಿಕೊಳ್ಳುತ್ತದೆ. ರೀಜನರೇಷನ್ ನಡೆಯುವಾಗ ಅಡಿಯಲ್ಲಿ ಕೆಂಡದಂಥ ಬಿಸಿ. ಆದಷ್ಟು ಪಕ್ಕದಲ್ಲಿ ಹೋಗಿ. ಹಾದು ಹೋಗಲೇಬೇಕಾಗಿ ಬಂದರೆ, ದಾಟಿದ ಮೇಲೆ ಒಮ್ಮೆ ಇಳಿದು ಬಗ್ಗಿ ನೋಡಿ. ಒಣ ಹುಲ್ಲಿನ ಮೇಲೆ, ತರಗೆಲೆ ರಾಶಿಯ ಮೇಲೆ ಪಾರ್ಕ್ ಮಾಡಬೇಡಿ.

ಡೀಸೆಲ್‌ಗೆ ಹಾಕುವ ಬಾಟಲಿ ಕೆಲಸ ಮಾಡುತ್ತದಾ?

ಸ್ವಲ್ಪ ಮಸಿ ಇದ್ದಾಗ, ಹೈವೇ ಓಡಾಟದ ಜೊತೆಗೆ, ಸ್ವಲ್ಪ ಸಹಾಯ ಮಾಡಬಹುದು. ಕೆಲವು ಮದ್ದುಗಳಲ್ಲಿ ಮಸಿ ಕಡಿಮೆ ಶಾಖದಲ್ಲೇ ಸುಡುವಂತೆ ಮಾಡುವ ಅಂಶ ಇರುತ್ತದೆ. ಬೂದಿಗೆ ಯಾವ ಬಾಟಲಿಯೂ ಮದ್ದಲ್ಲ. ಒಡೆದ ಪೈಪಿಗೂ ಅಲ್ಲ.

ಬಿಚ್ಚಿ ತೊಳೆಸಬಹುದಾ?

ಬೂದಿ ತುಂಬಿದ ಫಿಲ್ಟರಿಗೆ ಅದೇ ಸರಿಯಾದ ದಾರಿ. ಬಿಚ್ಚಿ, ಯಂತ್ರದಲ್ಲಿ ಹಿಂದಿನಿಂದ ಗಾಳಿ ಅಥವಾ ದ್ರಾವಣ ಹಾಯಿಸಿ ಬೂದಿ ಹೊರಗೆ ತಳ್ಳುತ್ತಾರೆ. ಕೆಲವರು ಭಟ್ಟಿಯಲ್ಲಿ ಕಾಯಿಸಿ ಆಮೇಲೆ ಊದುತ್ತಾರೆ. ತೊಳೆಯುವ ಮೊದಲು ಮತ್ತು ಆಮೇಲೆ ತೂಕ ಅಥವಾ ಒತ್ತಡ ಅಳೆದು ತೋರಿಸುವವರ ಕೈಗೆ ಕೊಡಿ.

ವಾಟರ್ ಸರ್ವಿಸ್ ಅಂಗಡಿಯ ಪ್ರೆಷರ್ ಪೈಪಿನಲ್ಲಿ ಹೊಡೆಸುವುದು, ಆಸಿಡ್ ಹಾಕುವುದು, ಕಂಬಿ ತೂರಿಸುವುದು ಬೇಡವೇ ಬೇಡ. ಒಳಗಿನ ಕ್ಯಾಟಲಿಸ್ಟ್ ಲೇಪ ಹೋದರೆ ಫಿಲ್ಟರ್ ನೋಡಲು ಹೊಳೆಯುತ್ತದೆ, ಕೆಲಸಕ್ಕೆ ಬರುವುದಿಲ್ಲ. ತೊಳೆದು ಜೋಡಿಸಿದ ಮೇಲೆ, ಅಥವಾ ಹೊಸದು ಹಾಕಿದ ಮೇಲೆ, ಸ್ಕ್ಯಾನರ್‌ನಲ್ಲಿ ಹಳೆಯ ಮಸಿ-ಬೂದಿಯ ಲೆಕ್ಕ ಅಳಿಸಲೇಬೇಕು. ಇಲ್ಲದಿದ್ದರೆ ಕಂಪ್ಯೂಟರ್ ಹಳೆಯ ಫಿಲ್ಟರೇ ಇದೆ ಅಂದುಕೊಂಡು ಸುಮ್ನೆ ಸುಡುತ್ತಿರುತ್ತದೆ.

ಕಿತ್ತೇ ಹಾಕಿಬಿಟ್ಟರೆ? ನನ್ನ ಗೆಳೆಯ ಹಾಗೇ ಮಾಡಿಸಿದ್ದಾನೆ, ಪಿಕಪ್ ಸೂಪರ್ ಅಂತಾನೆ.

ಮಾಡಿಸಬೇಡಿ. ಮೊದಲನೆಯದು, ಇದು ಕಾನೂನಿಗೆ ವಿರುದ್ಧ. ಕಂಪನಿ ಕೊಟ್ಟದ್ದನ್ನು ಮನಬಂದಂತೆ ಬದಲಾಯಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. ಮಾಲಿನ್ಯದ ಮಿತಿ ಮೀರಿದ ಗಾಡಿ ಓಡಿಸಿದರೆ 190ನೇ ಸೆಕ್ಷನ್ ಪ್ರಕಾರ ಹತ್ತು ಸಾವಿರ ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ನಮ್ಮ ಎಮಿಷನ್ ಟೆಸ್ಟಿನಲ್ಲಿ ಹೊಗೆ ಎಷ್ಟು ಕಪ್ಪು ಅಂತ ನೋಡುತ್ತಾರೆ, ಫಿಲ್ಟರ್ ಇದೆಯಾ ಅಂತ ಬಗ್ಗಿ ನೋಡುವುದಿಲ್ಲ. ಅದೇ ಧೈರ್ಯದ ಮೇಲೆ ಈ ವ್ಯಾಪಾರ ನಡೆಯುತ್ತಿದೆ. ಬ್ರಿಟನ್ನಿನಲ್ಲಿ 2014ರಿಂದ ವಾರ್ಷಿಕ ತಪಾಸಣೆಯಲ್ಲೇ ಫಿಲ್ಟರ್ ಇದೆಯಾ ನೋಡುತ್ತಾರೆ, ಇಲ್ಲದಿದ್ದರೆ ಫೇಲ್.

ಎರಡನೆಯದು, ಕಿತ್ತರೆ ಸಾಫ್ಟ್‌ವೇರನ್ನೂ ತಿದ್ದಬೇಕು. ಅಲ್ಲಿಗೆ ಎಂಜಿನ್ ವಾರಂಟಿ ಕಥೆ ಮುಗಿಯಿತು. ಮೂರನೆಯದು ನಿಮ್ಮ ಹಿಂದೆ ಬರುವವರ ಶ್ವಾಸಕೋಶ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ. ಪಿಕಪ್ ಸೂಪರ್ ಆದದ್ದು ಕಟ್ಟಿಕೊಂಡ ಫಿಲ್ಟರ್ ಹೋದದ್ದರಿಂದ. ಸ್ವಚ್ಛವಾದ ಫಿಲ್ಟರ್ ಇದ್ದಿದ್ದರೂ ಪಿಕಪ್ ವಾಪಸ್ ಬರುತ್ತಿತ್ತು.

ಡಿಇಎಫ್ ಖಾಲಿಯಾಗಿದ್ದರಿಂದ ಹೀಗಾಯಿತಾ?

ಅಲ್ಲ, ಅದು ಬೇರೆ. ನೀಲಿ ಮುಚ್ಚಳದ ಟ್ಯಾಂಕಿಗೆ ಹಾಕುವ ಡಿಇಎಫ್ ಯೂರಿಯಾ ನೀರು, ನೈಟ್ರೋಜನ್ ಆಕ್ಸೈಡ್‌ಗಳನ್ನು ಕಡಿಮೆ ಮಾಡಲು. ಡಿಪಿಎಫ್ ಮಸಿಗೆ. ಕೆಲವು ಕಾರುಗಳಲ್ಲಿ ಡಿಇಎಫ್ ಟ್ಯಾಂಕೇ ಇರುವುದಿಲ್ಲ. ಡಿಇಎಫ್ ಅನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಮಾತ್ರ ಡಿಪಿಎಫ್ ಚಿಂತೆ ಮರೆತೇ ಹೋಗುವಷ್ಟು ದೊಡ್ಡ ಬಿಲ್ ಬರುತ್ತದೆ. ಹಾಗಾದರೆ ಸ್ಟಾರ್ಟ್ ಮಾಡದೆ ಟೋ ಮಾಡಿಸಿ.

ಸೆಕೆಂಡ್ ಹ್ಯಾಂಡ್ ಡೀಸೆಲ್ ನೋಡುತ್ತಿದ್ದೇನೆ. ಡಿಪಿಎಫ್ ಚೆನ್ನಾಗಿದೆ ಅಂತ ಹೇಗೆ ತಿಳಿಯುವುದು?

ಕೀ ತಿರುಗಿಸಿದಾಗ ಡಿಪಿಎಫ್ ದೀಪ ಎಲ್ಲ ದೀಪಗಳ ಜೊತೆ ಹತ್ತಿ ಆರುವಂಥ ಕಾರಾದರೆ, ಅದು ಹತ್ತುತ್ತದಾ ನೋಡಿ. ಸೈಲೆನ್ಸರ್ ತುದಿಯ ಒಳಗೆ ಬೆರಳಾಡಿಸಿ. ಫಿಲ್ಟರ್ ಸರಿ ಇರುವ ಕಾರಿನಲ್ಲಿ ಬೆರಳು ಹೆಚ್ಚುಕಡಿಮೆ ಸ್ವಚ್ಛವಾಗೇ ಇರುತ್ತದೆ. ಕಣ್ಣಿಗೆ ಕಾಡಿಗೆ ಹಚ್ಚುವಷ್ಟು ಮಸಿ ಬಂದರೆ ಫಿಲ್ಟರ್ ಒಡೆದಿದೆ ಅಥವಾ ಇಲ್ಲವೇ ಇಲ್ಲ. ಡಿಪ್‌ಸ್ಟಿಕ್ ನೋಡಿ, ಮೂಸಿ. ಮೂರು ವರ್ಷದಲ್ಲಿ ಹತ್ತು ಸಾವಿರ ಮಾತ್ರ ಓಡಿದ ಡೀಸೆಲ್ ಕಾರನ್ನು ಮಾರುವವರು "ಡಾಕ್ಟರ್ ಓಡಿಸಿದ ಕಾರು" ಅಂತ ಹೊಗಳುತ್ತಾರೆ. ಡಿಪಿಎಫ್ ಲೆಕ್ಕದಲ್ಲಿ ಅದಕ್ಕಿಂತ ಊರೂರು ಸುತ್ತಿ ಅರವತ್ತು ಸಾವಿರ ಓಡಿದ ಕಾರೇ ವಾಸಿ.

ಹಾಗಾದರೆ ಮುಂದಿನ ಕಾರು ಡೀಸೆಲ್ ಕೊಳ್ಳಲಾ ಬೇಡವಾ?

ತಿಂಗಳಿಗೆ ಎಷ್ಟು ಕಿಲೋಮೀಟರ್ ಅಂತ ಎಲ್ಲರೂ ಕೇಳುತ್ತಾರೆ. ನಾನು ಕೇಳುವುದು, ಒಂದೊಂದು ಸಲ ಎಷ್ಟು ದೂರ ಅಂತ. ದಿನಾ ಐದೈದು ಕಿಲೋಮೀಟರಿನ ಹತ್ತು ಓಡಾಟ ಇರುವವರಿಗಿಂತ, ವಾರಕ್ಕೊಮ್ಮೆ ಹಾಸನಕ್ಕೆ ಹೋಗಿ ಬರುವವರ ಕೈಯಲ್ಲಿ ಡೀಸೆಲ್ ಚೆನ್ನಾಗಿರುತ್ತದೆ. ಮಾರುತಿಯವರು 2020ರ ಏಪ್ರಿಲ್‌ನಿಂದ ಡೀಸೆಲ್ ಕಾರನ್ನೇ ನಿಲ್ಲಿಸಿದರು. ಸಣ್ಣ ಕಾರಿಗೆ ಇಷ್ಟೆಲ್ಲ ಸಾಮಾನು ಕೂರಿಸಿದರೆ ಬೆಲೆ ಏರುತ್ತದೆ, ಸಿಟಿಯಲ್ಲಿ ಓಡಿಸುವವರಿಗೆ ಅದು ಗಿಟ್ಟುವುದಿಲ್ಲ. ಆ ಲೆಕ್ಕ ಸರಿಯಾಗಿಯೇ ಇದೆ.

ನಮ್ಮ ಮನೆಯಲ್ಲಿ ಈಗ ಶಾಲೆಗೆ, ತರಕಾರಿಗೆ ಸ್ಕೂಟರ್. ಡೀಸೆಲ್ ಕಾರು ಶನಿವಾರದವರೆಗೂ ಕವರ್ ಹೊದ್ದು ನಿಂತಿರುತ್ತದೆ. ಭಾನುವಾರ ಆರು ಗಂಟೆಗೆ ಬಿಡದಿ.